ಪುಸ್ತಕ ಮುಚ್ಚಿಟ್ಟ ಹೊತ್ತೂ ಓದಿನ ಹೊತ್ತೇ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರವಾದಂತೆ ವಿದ್ಯಾರ್ಥಿಗಳ ಮೇಲೆ ಸಲಹೆಗಳ ಸುರಿಮಳೆಯಾಗುತ್ತದೆ. ಬೆಳಿಗ್ಗೆ ಬೇಗ ಏಳಬೇಕು, ವೇಳಾಪಟ್ಟಿ ಹಾಕಿಕೊಳ್ಳಬೇಕು, ಮೊಬೈಲ್ ದೂರ ಇಡಬೇಕು, ಇಷ್ಟು ಗಂಟೆ ಕದಲದೆ ಕೂತು ಓದಬೇಕು ಎಂಬ ಮಾತುಗಳು ಮನೆಯಲ್ಲೂ ಶಾಲೆಯಲ್ಲೂ ಪತ್ರಿಕೆಗಳಲ್ಲೂ ಕೇಳಿಬರುತ್ತವೆ. ಇವುಗಳಲ್ಲಿ ತಪ್ಪೇನಿಲ್ಲ. ಆದರೆ ಕೂತು ಪುಸ್ತಕ ತೆರೆದ ಮೇಲೆ ಎದುರಿಗಿರುವ ಪುಟವನ್ನು ಏನು ಮಾಡಬೇಕು ಎಂದು ಹೇಳಿಕೊಡುವವರು ವಿರಳ. ಓದುವುದನ್ನು ಕೆಳಗಿನ ತರಗತಿಗಳಲ್ಲೇ ಕಲಿಸಿ ಮುಗಿಸಿದ್ದೇವೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅಲ್ಲಿ ಕಲಿಸಿದ್ದು ಅಕ್ಷರ ಕೂಡಿಸಿ, ತಡವರಿಸದೆ ಓದುವುದನ್ನು ಮಾತ್ರ. ಒಂದು ಪಾಠವನ್ನು ಓದಿ ಅದರಲ್ಲಿರುವ ವಿಷಯವನ್ನು ತನ್ನದಾಗಿಸಿಕೊಳ್ಳುವುದು ಬೇರೆಯೇ ಕೌಶಲ, ಮತ್ತು ಅದು ತಾನಾಗಿ ಬರುವಂಥದ್ದಲ್ಲ. ದೀರ್ಘಕಾಲ ಅಧ್ಯಾಪನ ಮಾಡಿದವನಾಗಿ ಈ ಕುರಿತು ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ವಿದ್ಯಾರ್ಥಿಗಳ, ಪೋಷಕರ ಹಾಗೂ ಶಿಕ್ಷಕರ ಮುಂದಿಡಲು ಬಯಸುತ್ತೇನೆ.

‘ಓದಿದೆ’ ಎನ್ನುವ ವಿದ್ಯಾರ್ಥಿಯನ್ನು ಹಾಗೆಂದರೆ ಏನು ಮಾಡಿದೆ ಎಂದು ಬಿಡಿಸಿ ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ಪಾಠವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದೆ, ಮುಖ್ಯವೆನಿಸಿದ್ದಕ್ಕೆ ಗೆರೆ ಎಳೆದೆ, ಆಮೇಲೆ ಇನ್ನೊಮ್ಮೆ ಓದಿದೆ. ಶ್ರದ್ಧೆಯುಳ್ಳವರು ಮೂರನೆಯ ಸಲವೂ ಓದುತ್ತಾರೆ. ವಿದ್ಯಾರ್ಥಿಗಳು ಬಳಸುವ ಹತ್ತು ಅಧ್ಯಯನ ವಿಧಾನಗಳನ್ನು ಜಾನ್ ಡನ್‌ಲಾಸ್ಕಿ ಮತ್ತು ಇತರ ನಾಲ್ವರು ಸಂಶೋಧಕರು 2013ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಅಲ್ಲಿಯವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ತೂಗಿ ನೋಡಿದಾಗ, ಮರು ಓದು ಮತ್ತು ಗೆರೆ ಎಳೆಯುವುದು ಕಡಿಮೆ ಪ್ರಯೋಜನದ ಸಾಲಿಗೆ ಸೇರಿದವು. ಹೆಚ್ಚು ಪ್ರಯೋಜನದ ಸಾಲಿಗೆ ಸೇರಿದವು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಮತ್ತು ಕಲಿಕೆಯನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು. ನಮ್ಮ ಮಕ್ಕಳು ಅತಿ ಹೆಚ್ಚು ನೆಚ್ಚಿಕೊಂಡಿರುವ ವಿಧಾನಗಳೇ ಅತಿ ಕಡಿಮೆ ಫಲ ಕೊಡುವವು ಎಂದಾದರೆ, ಗಂಟೆಗಳ ಲೆಕ್ಕಕ್ಕಿಂತ ಮೊದಲು ನಾವು ಚರ್ಚಿಸಬೇಕಾದದ್ದು ಇದನ್ನು.

ಮರು ಓದು ಮೋಸ ಮಾಡುವುದು ಹೇಗೆಂದು ತಿಳಿದುಕೊಳ್ಳುವುದು ಅಗತ್ಯ. ಎರಡನೆಯ ಸಲ ಓದುವಾಗ ಸಾಲುಗಳು ಪರಿಚಿತವಾಗಿರುತ್ತವೆ, ಕಣ್ಣು ಸರಾಗವಾಗಿ ಓಡುತ್ತದೆ, ‘ಇದು ಗೊತ್ತು’ ಎಂಬ ಭಾವನೆ ಹುಟ್ಟುತ್ತದೆ. ಆದರೆ ಕಂಡಾಗ ಗುರುತಿಸುವುದಕ್ಕೂ ಕಾಣದಿರುವಾಗ ನೆನಪಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎದುರಾದ ವ್ಯಕ್ತಿಯ ಮುಖ ಚೆನ್ನಾಗಿ ಗೊತ್ತಿದ್ದೂ ಹೆಸರು ನಾಲಿಗೆಗೆ ಬಾರದೆ ಒದ್ದಾಡಿದ ಅನುಭವ ಎಲ್ಲರಿಗೂ ಇದೆ. ಪರೀಕ್ಷೆ ಕೇಳುವುದು ಮುಖವನ್ನಲ್ಲ, ಹೆಸರನ್ನು. ಅರ್ಥವಾಗಿದೆ ಎಂಬ ಈ ಭ್ರಮೆ ಎಷ್ಟು ಗಟ್ಟಿಯೆಂಬುದನ್ನು 1980ರ ದಶಕದ ಆರಂಭದ ಕೆಲವು ಪ್ರಯೋಗಗಳು ತೋರಿಸಿಕೊಟ್ಟವು. ಒಂದು ಸಾಲು ಇನ್ನೊಂದಕ್ಕೆ ನೇರವಾಗಿ ವಿರುದ್ಧವಾಗುವಂತೆ ಬರೆದ ಗದ್ಯಭಾಗಗಳನ್ನು ಕೊಟ್ಟಾಗ, ಓದಿದವರಲ್ಲಿ ಅನೇಕರು ಆ ವಿರೋಧವನ್ನು ಗಮನಿಸಲೇ ಇಲ್ಲ; ಅಷ್ಟಾಗಿಯೂ ತಮಗೆ ಚೆನ್ನಾಗಿ ಅರ್ಥವಾಗಿದೆ ಎಂದರು.

ಇದಕ್ಕೆ ಪರಿಹಾರ ಸರಳ, ಆದರೆ ಹಿತಕರವಲ್ಲ: ಸ್ವಲ್ಪ ಓದಿ ಪುಸ್ತಕ ಮುಚ್ಚಬೇಕು, ಓದಿದ್ದನ್ನು ನೆನಪಿನಿಂದ ಹೇಳಲು ಅಥವಾ ಬರೆಯಲು ಪ್ರಯತ್ನಿಸಬೇಕು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ತಕ್ಕದ್ದು. ಕಾಲೇಜು ವಿದ್ಯಾರ್ಥಿಗಳಿಗೆ ವಿಜ್ಞಾನದ ವಿಷಯದ ಒಂದು ಚಿಕ್ಕ ಗದ್ಯಭಾಗವನ್ನು ಕೊಡಲಾಯಿತು. ಒಂದು ಗುಂಪು ಐದೈದು ನಿಮಿಷಗಳ ನಾಲ್ಕು ಅವಧಿಗಳಲ್ಲೂ ಅದನ್ನು ಓದಿತು. ಆ ಗುಂಪಿನವರು ಸರಾಸರಿ ಹದಿನಾಲ್ಕು ಸಲ ಅದೇ ಭಾಗವನ್ನು ಓದಿ ಮುಗಿಸಿದ್ದರು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಿತು. ಈ ಗುಂಪಿನವರು ಓದಿದ್ದು ಸರಾಸರಿ ಮೂರರಿಂದ ನಾಲ್ಕು ಸಲ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದುತ್ತಲೇ ಇದ್ದ ಗುಂಪು ಶೇ 83ರಷ್ಟನ್ನು ನೆನಪಿಸಿಕೊಂಡಿತು, ಬರೆದ ಗುಂಪು ಶೇ 71ರಷ್ಟನ್ನು. ವಾರದ ನಂತರ ಚಿತ್ರ ಪೂರ್ತಿ ತಿರುಗಿಬಿದ್ದಿತ್ತು: ಓದಿದ್ದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61.

ಈ ಪ್ರಯೋಗದಲ್ಲಿ ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಂಡ ಸಂಗತಿ ಇನ್ನೊಂದಿದೆ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಊಹಿಸಲು ಹೇಳಿದಾಗ ಹೆಚ್ಚು ಆತ್ಮವಿಶ್ವಾಸ ತೋರಿದವರು ಮತ್ತೆ ಮತ್ತೆ ಓದಿದವರೇ. ಹೀಗಾಗಿ ವಿದ್ಯಾರ್ಥಿ ತನ್ನ ಅನುಭವವನ್ನೇ ನಂಬಿ ನಡೆದರೆ ದಾರಿ ತಪ್ಪುವ ಸಂಭವ ಹೆಚ್ಚು. ಓದುತ್ತ ಹೋದಾಗ ಹಿತವೆನಿಸುತ್ತದೆ, ಪುಸ್ತಕ ಮುಚ್ಚಿದಾಗ ತಲೆ ಖಾಲಿಯೆನಿಸಿ ಮುಜುಗರವಾಗುತ್ತದೆ. ಆ ಮುಜುಗರವನ್ನು ಮಕ್ಕಳು ‘ನನಗೆ ಓದು ಹತ್ತುವುದಿಲ್ಲ’ ಎಂಬುದರ ಸಾಕ್ಷಿಯೆಂದು ತಿಳಿಯುತ್ತಾರೆ. ನಿಜದಲ್ಲಿ ನೆನಪು ಗಟ್ಟಿಯಾಗುವುದು ಆ ತಡಕಾಟದಲ್ಲೇ. ಇದನ್ನು ಅವರಿಗೆ ಯಾರಾದರೂ ಮೊದಲೇ ತಿಳಿಸಿ ಹೇಳಬೇಕು, ಇಲ್ಲವಾದರೆ ಎರಡೇ ದಿನಕ್ಕೆ ಹಳೆಯ ಅಭ್ಯಾಸಕ್ಕೆ ಮರಳುತ್ತಾರೆ.

ಇದು ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. ಒಂದು ಭಾಗವನ್ನು ಇಪ್ಪತ್ತು ಸಲ ಓದುವುದಕ್ಕಿಂತ, ಆಗಾಗ ಬಾಯಲ್ಲಿ ಹೇಳಲು ಪ್ರಯತ್ನಿಸುತ್ತ, ನೆನಪು ತಪ್ಪಿದಲ್ಲಿ ಪುಸ್ತಕ ನೋಡುತ್ತ ಹತ್ತು ಸಲ ಓದಿದರೆ ಸುಲಭವಾಗಿ ಕಂಠಸ್ಥವಾಗುತ್ತದೆ ಎಂಬರ್ಥದ ಮಾತನ್ನು ಇಂಗ್ಲೆಂಡಿನ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲಿಯೇ ಬರೆದಿದ್ದಾನೆ. 1917ರಲ್ಲಿ ಅಮೆರಿಕದ ಮನೋವಿಜ್ಞಾನಿ ಆರ್ಥರ್ ಗೇಟ್ಸ್ ಶಾಲಾ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಇರುವ ಸಮಯದ ಅರ್ಧಕ್ಕಿಂತ ಹೆಚ್ಚನ್ನು ಓದುವುದರ ಬದಲು ಒಪ್ಪಿಸುವುದಕ್ಕೆ ಕೊಟ್ಟ ಮಕ್ಕಳೇ ಮುಂದಿದ್ದರು. ನೂರು ವರ್ಷ ಹಳೆಯದಾದ ಈ ತಿಳಿವಳಿಕೆ ಇನ್ನೂ ಓದುವ ಮೇಜಿನವರೆಗೆ ಬಂದಿಲ್ಲವೆಂಬುದು ಸೋಜಿಗ.

ಪುಸ್ತಕ ಮುಚ್ಚುವುದೆಂದರೆ ಎಲ್ಲಿ ಮುಚ್ಚಬೇಕು? ಒಂದೊಂದು ವಾಕ್ಯಕ್ಕೆ ಮುಚ್ಚಿದರೆ ಅದು ಕೇವಲ ಪ್ರತಿಧ್ವನಿಯಾಗುತ್ತದೆ. ಇಡೀ ಅಧ್ಯಾಯ ಮುಗಿದ ಮೇಲೆ ಮುಚ್ಚಿದರೆ ಕೈಗೆ ಏನೂ ಸಿಗುವುದಿಲ್ಲ. ಪಠ್ಯಪುಸ್ತಕದ ಒಂದು ಉಪಶೀರ್ಷಿಕೆಯ ಕೆಳಗಿರುವಷ್ಟು ಭಾಗ, ಅಂದರೆ ಅರ್ಧ ಪುಟದಿಂದ ಎರಡು ಪುಟದವರೆಗೆ, ಸರಿಯಾದ ಅಳತೆ. ಅಷ್ಟನ್ನು ಓದಿ, ಪುಸ್ತಕ ಮಗುಚಿಟ್ಟು, ಒಂದು ರಫ್ ಹಾಳೆಯ ಮೇಲೆ ನೆನಪಿದ್ದುದನ್ನು ಬರೆಯಬೇಕು, ಇಲ್ಲವೇ ಎದುರಿಗೆ ಯಾರೋ ಕೇಳುತ್ತಿದ್ದಾರೆಂಬಂತೆ ಹೇಳಬೇಕು. ಅಕ್ಷರ ಅಂದವಾಗಿರಬೇಕಿಲ್ಲ, ವಾಕ್ಯ ಪೂರ್ಣವಾಗಿರಬೇಕಿಲ್ಲ. ಏನೂ ಹೊಳೆಯದಿದ್ದರೆ ತಟ್ಟನೆ ಪುಟ ತಿರುವಿ ನೋಡಬಾರದು. ಸ್ವಲ್ಪ ಹೊತ್ತು ತಾಳಿ, ಚಿತ್ರ ಎಲ್ಲಿತ್ತು, ಉದಾಹರಣೆ ಯಾವುದಿತ್ತು ಎಂದು ಸುಳಿವು ಹುಡುಕಬೇಕು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನೂ ತಪ್ಪಾಗಿ ಬರೆದದ್ದನ್ನೂ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳಬೇಕು. ಈ ಕೊನೆಯ ಕೆಲಸವನ್ನು ಬಿಡುವಂತಿಲ್ಲ, ಏಕೆಂದರೆ ತಿದ್ದದೆ ಬಿಟ್ಟ ತಪ್ಪು ನೆನಪೂ ಸರಿಯಾದ ನೆನಪಿನಷ್ಟೇ ಚೆನ್ನಾಗಿ ಬೇರುಬಿಡಬಲ್ಲದು. ಮರುದಿನ ಓದಲು ಕೂತಾಗ ಮೊದಲು ನೋಡಬೇಕಾದದ್ದು ಆ ಬೇರೆ ಬಣ್ಣದ ಭಾಗವನ್ನೇ ಹೊರತು ಇಡೀ ಪಾಠವನ್ನಲ್ಲ.

ಇದು ಉರು ಹೊಡೆಯುವುದಕ್ಕೆ ಕೊಡುವ ಹೊಸ ಹೆಸರಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಉರು ಹೊಡೆಯುವವನು ಪುಸ್ತಕದ ಮಾತನ್ನೇ ಅದೇ ಕ್ರಮದಲ್ಲಿ ಒಪ್ಪಿಸುತ್ತಾನೆ. ನಡುವೆ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕೈಕೊಡುತ್ತದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಉತ್ತರ ಸಿಕ್ಕುವುದಿಲ್ಲ. ಇಲ್ಲಿ ಹೇಳುತ್ತಿರುವುದು ವಿಷಯವನ್ನು ತನ್ನ ಮಾತಿನಲ್ಲಿ ಕಟ್ಟಿ ಹೇಳುವುದನ್ನು. ಹಾಗೆಂದು ಬಾಯಿಪಾಠವನ್ನು ಹಳಿಯುವುದೇ ಒಂದು ಫ್ಯಾಷನ್ ಆಗಿರುವುದನ್ನು ನಾನು ಒಪ್ಪಲಾರೆ. ಮಗ್ಗಿ, ಸೂತ್ರ, ಪದ್ಯ, ವಿಜ್ಞಾನದ ಕೆಲವು ವ್ಯಾಖ್ಯೆಗಳು ಅಕ್ಷರಶಃ ನೆನಪಿರಬೇಕಾದಂಥವು. ಅವನ್ನು ಅರ್ಥ ತಿಳಿದು ಬಾಯಿಪಾಠ ಮಾಡುವುದೇ ಸರಿ. ಯಾವುದನ್ನು ಪದಶಃ ಉಳಿಸಿಕೊಳ್ಳಬೇಕು, ಯಾವುದರ ತಿರುಳನ್ನು ಮಾತ್ರ ಹಿಡಿಯಬೇಕು ಎಂಬ ವಿವೇಚನೆಯೂ ಓದಿನ ಒಂದು ಭಾಗ.

ನೆನಪಿಗಿಂತ ಮೊದಲು ಅರ್ಥವಾಗಬೇಕು. ಹೃದಯದ ರಚನೆಯ ಪಾಠವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಠ್ಯದಲ್ಲಿ ಇಂಥ ಸಾಲುಗಳಿರುತ್ತವೆ: ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಮೇಲಿನವು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು, ಎಡ ಮತ್ತು ಬಲ ಭಾಗಗಳನ್ನು ಒಂದು ಭಿತ್ತಿ ಬೇರ್ಪಡಿಸುತ್ತದೆ, ಎಡ ಹೃತ್ಕುಕ್ಷಿಯ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪವಾಗಿರುತ್ತದೆ. ಸಾಮಾನ್ಯವಾಗಿ ವಿದ್ಯಾರ್ಥಿ ಈ ಐದನ್ನೂ ಒಂದಕ್ಕೊಂದು ಸಂಬಂಧವಿಲ್ಲದ ಐದು ಅಂಶಗಳೆಂದು ಓದಿ, ಐದಕ್ಕೂ ಗೆರೆ ಎಳೆದು ಮುಂದೆ ಹೋಗುತ್ತಾನೆ. ಈಗ ಪ್ರತಿ ಸಾಲಿಗೆ ನಿಂತು ‘ಯಾಕೆ’ ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ನಡುವೆ ಭಿತ್ತಿ ಯಾಕೆ? ಬಲಭಾಗಕ್ಕೆ ದೇಹದಿಂದ ಬರುವ ರಕ್ತದಲ್ಲಿ ಆಮ್ಲಜನಕ ಕಡಿಮೆ, ಎಡಭಾಗಕ್ಕೆ ಶ್ವಾಸಕೋಶದಿಂದ ಬರುವ ರಕ್ತದಲ್ಲಿ ಹೆಚ್ಚು; ಎರಡೂ ಬೆರೆತರೆ ದೇಹಕ್ಕೆ ಹೋಗುವ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ? ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡ ಹೃತ್ಕುಕ್ಷಿ ತಲೆಯಿಂದ ಕಾಲ್ಬೆರಳಿನವರೆಗೆ ಇಡೀ ದೇಹಕ್ಕೆ ತಳ್ಳಬೇಕು. ಹೆಚ್ಚು ಒತ್ತಡಕ್ಕೆ ಹೆಚ್ಚು ಸ್ನಾಯು ಬೇಕು.

ಹೀಗೆ ಕೇಳುತ್ತ ಹೋದರೆ ಒಂದು ಕಡೆ ತೊಡಕು ಎದುರಾಗುತ್ತದೆ. ಅಪಧಮನಿಗಳಲ್ಲಿ ಆಮ್ಲಜನಕಯುಕ್ತ ರಕ್ತ ಹರಿಯುತ್ತದೆ ಎಂದು ವಿದ್ಯಾರ್ಥಿ ಹಿಂದೆ ಕಲಿತಿರುತ್ತಾನೆ; ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವಿದೆ ಎಂದು ಈ ಪಾಠ ಹೇಳುತ್ತದೆ. ಸುಮ್ಮನೆ ಓದಿಕೊಂಡು ಹೋಗುವವನಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ನಿಂತು ಕೇಳುವವನಿಗೆ ಮಾತ್ರ ತಾನು ಹಿಂದೆ ಇಟ್ಟುಕೊಂಡಿದ್ದ ನಿಯಮ ಸರಿಯಿಲ್ಲ, ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ಮರಳಿ ತರುವುದು ಅಭಿಧಮನಿ ಎಂಬುದೇ ನಿಜವಾದ ನಿಯಮ ಎಂದು ಹೊಳೆಯುತ್ತದೆ. ಒಮ್ಮೆ ಹೀಗೆ ಹೊಳೆದದ್ದನ್ನು ಮರೆಯುವುದು ಕಷ್ಟ. ಮಿಶೆಲೀನ್ ಚೀ ಮತ್ತು ಸಹೋದ್ಯೋಗಿಗಳು 1994ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದೂ ರಕ್ತಪರಿಚಲನೆಯ ಪಾಠದ ಮೇಲೆಯೇ. ಎಂಟನೆಯ ತರಗತಿಯ ಕೆಲವು ಮಕ್ಕಳಿಗೆ ಪ್ರತಿ ಸಾಲು ಓದಿದ ಮೇಲೆ ಅದರ ಅರ್ಥವನ್ನು ತಮಗೆ ತಾವೇ ವಿವರಿಸಿಕೊಳ್ಳಲು ಹೇಳಲಾಯಿತು. ಇನ್ನು ಕೆಲವರು ಅದೇ ಪಾಠವನ್ನು ಎರಡು ಸಲ ಓದಿದರು. ವಿವರಿಸಿಕೊಂಡವರ ಕಲಿಕೆ ಹೆಚ್ಚಾಗಿತ್ತು, ಅದರಲ್ಲೂ ಪಾಠದಲ್ಲಿ ನೇರವಾಗಿ ಹೇಳದ, ಯೋಚಿಸಿ ಉತ್ತರಿಸಬೇಕಾದ ಕಠಿಣ ಪ್ರಶ್ನೆಗಳಲ್ಲಿ ಆ ವ್ಯತ್ಯಾಸ ಎದ್ದು ಕಂಡಿತು.

ಇಲ್ಲಿ ಪಠ್ಯ ಬರೆಯುವವರಿಗೂ ಒಂದು ಮಾತು ಸಲ್ಲಬೇಕು. ಎಷ್ಟೋ ಪಾಠಗಳಲ್ಲಿ ‘ಆದ್ದರಿಂದ’ ಎಂಬ ಪದವಿರುತ್ತದೆ, ಅದರ ಹಿಂದೆ ಇರಬೇಕಾದ ಕಾರಣ ಇರುವುದಿಲ್ಲ. ಅಂಥ ಕಡೆ ಅರ್ಥವಾಗದಿದ್ದರೆ ವಿದ್ಯಾರ್ಥಿ ತನ್ನ ಬುದ್ಧಿಯನ್ನು ಶಂಕಿಸುವ ಬದಲು ಆ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಶಿಕ್ಷಕರ ಬಳಿಗೆ ಒಯ್ಯುವುದು ಒಳ್ಳೆಯದು.

ಓದಲು ತೊಡಗುವ ಮೊದಲು ಮಾಡಬೇಕಾದದ್ದೂ ಸ್ವಲ್ಪ ಇದೆ. ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಷಿಯಾ ಜಾನ್ಸನ್ 1972ರಲ್ಲಿ ಒಂದು ಸೊಗಸಾದ ಪ್ರಯೋಗ ಮಾಡಿದರು. ಬಟ್ಟೆ ಒಗೆಯುವ ಕೆಲಸವನ್ನು, ಬಟ್ಟೆ ಎಂಬ ಪದವನ್ನೇ ಬಳಸದೆ, ‘ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸಬೇಕು’ ಎಂಬ ಧಾಟಿಯಲ್ಲಿ ವರ್ಣಿಸುವ ಗದ್ಯಭಾಗವೊಂದನ್ನು ಕೆಲವರಿಗೆ ಓದಿ ಕೇಳಿಸಿದರು. ಪ್ರತಿ ಪದವೂ ಸುಲಭ, ಒಟ್ಟು ಅರ್ಥ ಮಾತ್ರ ಹತ್ತುವುದಿಲ್ಲ. ವಿಷಯ ಇಂಥದ್ದು ಎಂದು ಮೊದಲೇ ತಿಳಿದವರು ಉಳಿದವರಿಗಿಂತ ಸುಮಾರು ಎರಡುಪಟ್ಟು ನೆನಪಿಟ್ಟುಕೊಂಡರು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೆ ಅದರಿಂದ ಏನೂ ಲಾಭವಾಗಲಿಲ್ಲ. ಮುಂದೆ ಬರುವುದನ್ನು ಇರಿಸಿಕೊಳ್ಳಲು ಮನಸ್ಸಿಗೆ ಮೊದಲೇ ಒಂದು ಚೌಕಟ್ಟು ಬೇಕೆಂಬುದು ಇದರಿಂದ ಸ್ಪಷ್ಟ. ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರಗಳ ಅಡಿಬರಹ, ಪಾಠದ ಕೊನೆಯ ಸಾರಾಂಶ ಇವುಗಳ ಮೇಲೆ ಮೊದಲು ಕಣ್ಣಾಡಿಸಬೇಕೆಂದು ಹೇಳುವುದು ಇದಕ್ಕಾಗಿ. ನಮ್ಮ ವಿದ್ಯಾರ್ಥಿಗಳು ಅಭ್ಯಾಸದ ಪ್ರಶ್ನೆಗಳನ್ನು ಪಾಠ ಮುಗಿದ ಮೇಲೆ, ಅದೂ ಉತ್ತರ ಬರೆಯಲು ಹೇಳಿದಾಗ ಮಾತ್ರ ನೋಡುತ್ತಾರೆ. ಅವನ್ನು ಮೊದಲೇ ಓದಿಕೊಂಡರೆ ಏನನ್ನು ಹುಡುಕುತ್ತ ಓದಬೇಕೆಂಬುದು ತಿಳಿಯುತ್ತದೆ.

ಇಂಥ ಹೆಜ್ಜೆಗಳನ್ನು ಸೇರಿಸಿ ಫ್ರಾನ್ಸಿಸ್ ರಾಬಿನ್‌ಸನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1946ರಲ್ಲಿಯೇ ಐದು ಹೆಜ್ಜೆಗಳ ಒಂದು ಕ್ರಮವನ್ನು ರೂಪಿಸಿದರು: ಮೊದಲು ಸ್ಥೂಲವಾಗಿ ನೋಡುವುದು, ಶೀರ್ಷಿಕೆಗಳನ್ನು ಪ್ರಶ್ನೆಗಳಾಗಿ ಬದಲಿಸಿಕೊಳ್ಳುವುದು, ಓದುವುದು, ಪುಸ್ತಕ ನೋಡದೆ ಒಪ್ಪಿಸುವುದು, ಕೊನೆಗೆ ಪುನರಾವಲೋಕನ. ಇದನ್ನು, ಈ ಹೆಜ್ಜೆಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ, ‘ಎಸ್‌ಕ್ಯೂ3ಆರ್’ ಎಂದು ಬಿ.ಇಡಿ. ತರಗತಿಗಳಲ್ಲಿ ಕಂಠಪಾಠ ಮಾಡಿಸುವುದುಂಟು, ಇದೊಂದು ವಿಪರ್ಯಾಸ. ನನ್ನ ಅಭಿಪ್ರಾಯದಲ್ಲಿ ಐದೂ ಹೆಜ್ಜೆಗಳನ್ನು ವ್ರತದಂತೆ ಪಾಲಿಸಬೇಕಾಗಿಲ್ಲ. ಪರಿಚಿತ ವಿಷಯಕ್ಕೆ ಮುನ್ನೋಟ ಅರ್ಧ ನಿಮಿಷದ್ದಾದರೂ ಸಾಕು, ಎಲ್ಲ ಉಪಶೀರ್ಷಿಕೆಗಳೂ ಒಳ್ಳೆಯ ಪ್ರಶ್ನೆಗಳಾಗುವುದಿಲ್ಲ. ಬಿಡಲೇಬಾರದ ಹೆಜ್ಜೆ ನಾಲ್ಕನೆಯದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಡುವುದೂ ಅದನ್ನೇ.

ಪಾಠ ಎಷ್ಟು ಸಲ ಓದಿದರೂ ತಲೆಗೆ ಹತ್ತದಿದ್ದರೆ ದೋಷ ಓದುವ ವಿಧಾನದಲ್ಲೇ ಇರಬೇಕೆಂದಿಲ್ಲ. ಅದಕ್ಕೆ ಬೇಕಾದ ಹಿಂದಿನ ಜ್ಞಾನ ಇಲ್ಲದಿರಬಹುದು. ಭಿನ್ನರಾಶಿ ಗಟ್ಟಿಯಿಲ್ಲದವನಿಗೆ ಅನುಪಾತದ ಪಾಠ ಕಬ್ಬಿಣದ ಕಡಲೆಯೇ. ಹಾಗಾದಾಗ ಹಿಂದಿನ ತರಗತಿಯ ಪುಸ್ತಕವನ್ನು ತೆರೆದು ನೋಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಗೆರೆ ಎಳೆಯುವ ವಿಚಾರ. ಹೈಲೈಟರ್ ಹಿಡಿದು ಓದುವ ಮಕ್ಕಳ ಪುಸ್ತಕ ನೋಡಿದರೆ ಕೆಲವು ಪುಟಗಳಲ್ಲಿ ಗೆರೆಯಿಲ್ಲದ ಸಾಲುಗಳೇ ಕಡಿಮೆ. ಮೊದಲ ಓದಿನಲ್ಲಿ ಎಲ್ಲವೂ ಹೊಸದು, ಆದ್ದರಿಂದ ಎಲ್ಲವೂ ಮುಖ್ಯವೆಂದೇ ತೋರುತ್ತದೆ. ಗೆರೆ ಎಳೆಯಲೇಬೇಕೆಂದಿದ್ದರೆ ಒಮ್ಮೆ ಓದಿ, ಪುಸ್ತಕ ಮುಚ್ಚಿ ಹೇಳಿಕೊಂಡು, ಮತ್ತೆ ತೆರೆದಾಗ, ತಪ್ಪಿಹೋದ ಅಂಶಕ್ಕೆ ಮಾತ್ರ ಪೆನ್ಸಿಲಿನಿಂದ ಎಳೆಯಲಿ. ಅದಕ್ಕಿಂತಲೂ ಉತ್ತಮವೆಂದರೆ ಆ ಸಾಲು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಪುಟದ ಅಂಚಿನಲ್ಲಿ ಬರೆಯುವುದು. ಮುಂದಿನ ಸಲ ಪಠ್ಯವನ್ನು ಕಾಗದದಿಂದ ಮುಚ್ಚಿ, ಅಂಚಿನ ಪ್ರಶ್ನೆಗಳನ್ನಷ್ಟೇ ಓದುತ್ತ ಉತ್ತರ ಹೇಳಿಕೊಳ್ಳಬಹುದು. ನೋಟ್ಸ್ ಬರೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ: ಪುಸ್ತಕ ತೆರೆದಿಟ್ಟು ನೋಡಿಕೊಂಡು ಬರೆದರೆ ಅದು ನಕಲು, ಮುಚ್ಚಿಟ್ಟು ಬರೆದು ಆಮೇಲೆ ತಾಳೆ ನೋಡಿದರೆ ಕಲಿಕೆ.

ಎಲ್ಲ ವಿಷಯಗಳನ್ನೂ ಒಂದೇ ರೀತಿ ಓದಲಾಗದು ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಕಡಿಮೆ. ಗಣಿತದಲ್ಲಿ ಬಿಡಿಸಿ ತೋರಿಸಿದ ಲೆಕ್ಕವನ್ನು ಕಥೆಯಂತೆ ಓದಿದರೆ ಪ್ರತಿ ಹಂತವೂ ಸರಿಯೆನಿಸುತ್ತದೆ, ತಾನೇ ಮಾಡಲು ಹೋದಾಗ ಮೊದಲ ಹಂತವೇ ಹೊಳೆಯುವುದಿಲ್ಲ. ಉತ್ತರದ ಹಂತಗಳನ್ನು ಕಾಗದದಿಂದ ಮುಚ್ಚಿ, ಮುಂದಿನ ಹಂತ ಏನಿರಬಹುದೆಂದು ತಾನು ಬರೆದು, ಆಮೇಲೆ ಕಾಗದವನ್ನು ಒಂದು ಸಾಲು ಕೆಳಗೆ ಸರಿಸುವುದು ಲೆಕ್ಕವನ್ನು ಓದುವ ಸರಿಯಾದ ವಿಧಾನ. ಇತಿಹಾಸದಲ್ಲಿ ಇಸವಿಗಳ ಪಟ್ಟಿಗಿಂತ ಯಾವುದರಿಂದ ಯಾವುದಾಯಿತು ಎಂಬ ಸರಪಳಿಯನ್ನು ಹಿಡಿಯಬೇಕು. ಸರಪಳಿ ಸಿಕ್ಕರೆ ಇಸವಿಗಳು ಅದಕ್ಕೆ ತಾವಾಗಿ ತಗುಲಿಕೊಳ್ಳುತ್ತವೆ. ಜೀವಶಾಸ್ತ್ರ, ಭೂಗೋಳಗಳಲ್ಲಿ ಚಿತ್ರವನ್ನೂ ನಕ್ಷೆಯನ್ನೂ ಬಿಟ್ಟು ಬರೀ ಅಕ್ಷರ ಓದುವವರೇ ಬಹಳ. ಹೃದಯದ ಪಾಠವನ್ನು ಚಿತ್ರದ ಮೇಲೆ ಬೆರಳಿಟ್ಟು ರಕ್ತದ ದಾರಿಯನ್ನು ಅನುಸರಿಸುತ್ತ ಓದದಿದ್ದರೆ ಎಡ ಯಾವುದು ಬಲ ಯಾವುದು ಎಂಬುದೇ ಗೊಂದಲವಾಗುತ್ತದೆ, ಏಕೆಂದರೆ ಚಿತ್ರದಲ್ಲಿ ಹೃದಯದ ಎಡಭಾಗ ನೋಡುವವನ ಬಲಕ್ಕಿರುತ್ತದೆ.

ಒಮ್ಮೆ ಕಲಿತದ್ದು ಎಷ್ಟು ಬೇಗ ಜಾರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ತೋರಿಸಿದ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ತೀವ್ರವಾಗಿದ್ದು ಆಮೇಲೆ ನಿಧಾನವಾಗುತ್ತದೆ. ಆದಕಾರಣ ಒಂದೇ ದಿನ ಮೂರು ಗಂಟೆ ಓದುವುದಕ್ಕಿಂತ ಅದನ್ನು ಮೂರು ದಿನಗಳಿಗೆ ಹಂಚುವುದು ಮೇಲು. ಎಷ್ಟು ಅಂತರ ಬಿಡಬೇಕು ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದನ್ನು ಅವಲಂಬಿಸುತ್ತದೆ. 2008ರಲ್ಲಿ ಪ್ರಕಟವಾದ, 1,350ಕ್ಕೂ ಹೆಚ್ಚು ಜನ ಭಾಗವಹಿಸಿದ್ದ ಅಧ್ಯಯನವೊಂದರಲ್ಲಿ, ಪರೀಕ್ಷೆ ವಾರದ ನಂತರವಿದ್ದಾಗ ಆ ಅವಧಿಯ ಶೇ 20ರಿಂದ 40ರಷ್ಟು ಅಂತರವೂ, ವರ್ಷದ ನಂತರವಿದ್ದಾಗ ಶೇ 5ರಿಂದ 10ರಷ್ಟು ಅಂತರವೂ ಅತ್ಯುತ್ತಮ ಫಲ ಕೊಟ್ಟವು. ಅಂದರೆ ಮುಂದಿನ ವಾರದ ಕಿರುಪರೀಕ್ಷೆಗೆ ಒಂದೆರಡು ದಿನ ಬಿಟ್ಟು, ವರ್ಷಾಂತ್ಯದ ಪರೀಕ್ಷೆಗೆ ಮೂರರಿಂದ ಐದು ವಾರ ಬಿಟ್ಟು ಅದೇ ಪಾಠಕ್ಕೆ ಮರಳಬೇಕು. ಮರಳುವುದೆಂದರೆ ಮತ್ತೆ ಮೊದಲಿನಿಂದ ಓದುವುದಲ್ಲ. ಮೊದಲು ನೆನಪಿಸಿಕೊಂಡು, ತಪ್ಪಿದ್ದನ್ನು ಮಾತ್ರ ಓದುವುದು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದೇ? ಖಂಡಿತ. ಆನ್‌ಮರಿ ಪಾಲಿನ್‌ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವರದಿ ಮಾಡಿದ ವಿಧಾನ ಇದಕ್ಕೆ ಒಳ್ಳೆಯ ಮಾದರಿ. ತಡವರಿಸದೆ ಓದಬಲ್ಲ, ಆದರೆ ಓದಿದ್ದು ಅರ್ಥವಾಗದ ಏಳನೆಯ ತರಗತಿಯ ಮಕ್ಕಳೊಂದಿಗೆ ಅವರು ಕೆಲಸ ಮಾಡಿದರು. ಒಂದು ಭಾಗವನ್ನು ಓದಿದ ಮೇಲೆ ಅದರ ಸಾರ ಹೇಳುವುದು, ಅದರ ಮೇಲೆ ಒಂದು ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಮುಂದೇನು ಬರಬಹುದೆಂದು ಊಹಿಸುವುದು ಇವುಗಳನ್ನು ಮೊದಲು ಶಿಕ್ಷಕರೇ ಗಟ್ಟಿಯಾಗಿ ಯೋಚಿಸುತ್ತ ಮಾಡಿ ತೋರಿಸಿ, ಕ್ರಮೇಣ ಮಕ್ಕಳು ಸರದಿಯಂತೆ ಶಿಕ್ಷಕರ ಪಾತ್ರ ವಹಿಸುವಂತೆ ಮಾಡಿದರು. ಆರಂಭದಲ್ಲಿ ನೆಟ್ಟಗೆ ಒಂದು ಪ್ರಶ್ನೆ ರೂಪಿಸಲಾಗದಿದ್ದ ಮಕ್ಕಳು ಕೆಲವು ವಾರಗಳಲ್ಲಿ ತಿರುಳನ್ನು ಹಿಡಿದು ಪ್ರಶ್ನಿಸತೊಡಗಿದರು. ಇದಕ್ಕೆ ಹಣವಾಗಲಿ ಸಲಕರಣೆಯಾಗಲಿ ಬೇಕಿಲ್ಲ. ಪಾಠ ಮುಗಿಸುವ ಆತುರವನ್ನು ವಾರಕ್ಕೆ ಒಂದು ಅವಧಿಯ ಮಟ್ಟಿಗೆ ಬದಿಗಿಡಬೇಕು, ಅಷ್ಟೇ. ಅದೇ ಕಷ್ಟ ಎಂದು ನನಗೂ ಗೊತ್ತು.

ಶೀಘ್ರ ಓದಿನ ಕೋರ್ಸ್‌ಗಳ ಜಾಹೀರಾತುಗಳನ್ನು ನಂಬುವವರಿಗೆ ಒಂದೇ ಮಾತು: ವೇಗ ಒಂದು ಮಿತಿ ಮೀರಿದರೆ ಅರ್ಥಗ್ರಹಿಕೆ ಕುಸಿಯುತ್ತದೆ ಎಂಬುದು ಈವರೆಗಿನ ಸಂಶೋಧನೆಗಳ ಒಟ್ಟು ಅಭಿಪ್ರಾಯ. ಕಥೆಯನ್ನು ಪರದೆಯ ಮೇಲೆ ಓದಿದರೂ ಕಾಗದದ ಮೇಲೆ ಓದಿದರೂ ಹೆಚ್ಚು ವ್ಯತ್ಯಾಸವಾಗದು. ಮಾಹಿತಿಪ್ರಧಾನ ಪಠ್ಯಕ್ಕೆ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಮುದ್ರಿತ ಪುಟವೇ ಸ್ವಲ್ಪ ಮೇಲು ಎಂಬುದನ್ನು 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು ಕಂಡುಕೊಂಡಿತು. ಪಿಡಿಎಫ್‌ನಲ್ಲೇ ಓದಬೇಕಾದ ಅನಿವಾರ್ಯತೆ ಇರುವವರು ಪಕ್ಕದಲ್ಲಿ ಹಾಳೆ, ಪೆನ್ನು ಇಟ್ಟುಕೊಳ್ಳಲಿ.

ಪೋಷಕರಲ್ಲಿ ನನ್ನದೊಂದು ಕೋರಿಕೆ. ಮಗು ಪುಸ್ತಕ ಮಗುಚಿಟ್ಟು ಸೂರು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರೆ ‘ಪುಸ್ತಕ ಮುಚ್ಚಿಟ್ಟು ಏನು ಯೋಚನೆ ಮಾಡ್ತಿದ್ದೀಯ, ಓದು’ ಎಂದು ಗದರಿಸುವುದನ್ನು ದಯವಿಟ್ಟು ನಿಲ್ಲಿಸಿ. ತೆರೆದ ಪುಸ್ತಕದ ಮುಂದೆ ಕಳೆದ ಹೊತ್ತನ್ನು ಮಾತ್ರ ಓದೆಂದು ಲೆಕ್ಕ ಹಿಡಿಯುವ ಮನೆಯಲ್ಲಿ ಮಗು ಪುಸ್ತಕ ತೆರೆದಿಟ್ಟುಕೊಂಡು ಕೂರುವುದನ್ನೇ ಕಲಿಯುತ್ತದೆ. ‘ಎಷ್ಟು ಪುಟ ಆಯಿತು’ ಎಂದು ಕೇಳುವ ಬದಲು ‘ಇವತ್ತು ಓದಿದ್ದರಲ್ಲಿ ಒಂದು ವಿಷಯ ನನಗೆ ಹೇಳು’ ಎಂದು ಕೇಳಿ. ಆ ವಿಷಯ ತಮಗೆ ತಿಳಿದಿರಬೇಕೆಂದೇನೂ ಇಲ್ಲ. ತಿಳಿಯದವರಿಗೆ ತಿಳಿಯುವಂತೆ ಹೇಳಬೇಕಾದಾಗ ಮಗುವಿಗೆ ತನ್ನ ತಿಳಿವಳಿಕೆಯಲ್ಲಿರುವ ಬಿರುಕುಗಳು ತಾನಾಗಿ ಕಾಣುತ್ತವೆ. ಶಾಲೆಯ ಮೆಟ್ಟಿಲು ಹತ್ತದ ತಂದೆತಾಯಿಯರೂ ಈ ಕೆಲಸವನ್ನು ಯಾರಿಗೂ ಕಡಿಮೆಯಿಲ್ಲದಂತೆ ಮಾಡಬಲ್ಲರು.

ಕೊನೆಯದಾಗಿ, ಸಂಪಾದಕರೇ, ಪತ್ರಿಕೆಗಳ ವಿದ್ಯಾರ್ಥಿ ಪುರವಣಿಗಳ ಬಗ್ಗೆ. ಪರೀಕ್ಷಾ ಕಾಲದಲ್ಲಿ ಪ್ರಕಟವಾಗುವ ಮಾದರಿ ಪ್ರಶ್ನೋತ್ತರಗಳಲ್ಲಿ ಪ್ರತಿ ಪ್ರಶ್ನೆಯ ಕೆಳಗೇ ಉತ್ತರವೂ ಅಚ್ಚಾಗಿರುತ್ತದೆ. ಪ್ರಶ್ನೆ ಓದಿದ ಕಣ್ಣು ಯೋಚಿಸಲು ಬಿಡುವಿಲ್ಲದೆ ಉತ್ತರಕ್ಕೆ ಇಳಿದುಬಿಡುತ್ತದೆ, ‘ಇದು ಗೊತ್ತು’ ಎಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಇಂದಿನ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಮಾತ್ರ ಮುದ್ರಿಸಿ, ಉತ್ತರಗಳನ್ನು ನಾಳಿನ ಸಂಚಿಕೆಯಲ್ಲಿ ಕೊಡುವಂತಾದರೆ ವಿದ್ಯಾರ್ಥಿಗೆ ಒಂದು ಇಡೀ ದಿನ ತಾನೇ ಪ್ರಯತ್ನಿಸುವ ಅವಕಾಶ ಸಿಗುತ್ತದೆ. ಒಂದು ದಿನ ತಡಮಾಡುವುದು ಸಾಧ್ಯವಿಲ್ಲವೆಂದಾದರೆ ಉತ್ತರಗಳನ್ನು ಬೇರೆ ಪುಟದಲ್ಲಿ ಅಥವಾ ತಲೆಕೆಳಗಾಗಿಯಾದರೂ ಅಚ್ಚುಮಾಡಬಹುದು. ಜೊತೆಗೆ, ಪ್ರತಿ ಸಂಚಿಕೆಯ ಪ್ರಶ್ನೆಗಳಲ್ಲಿ ನಾಲ್ಕೈದನ್ನು ಎರಡು ವಾರಗಳ ನಂತರ, ಮಾತು ಸ್ವಲ್ಪ ಬದಲಿಸಿ, ಮತ್ತೆ ಕೇಳುವ ಒಂದು ಸಣ್ಣ ಅಂಕಣವನ್ನು ತೆರೆಯಬೇಕೆಂದು ವಿನಂತಿಸುತ್ತೇನೆ. ಹೆಚ್ಚುವರಿ ಖರ್ಚಿಲ್ಲದ ಈ ಬದಲಾವಣೆಯನ್ನು ಈ ಸಾಲಿನ ಪುರವಣಿಯಿಂದಲೇ ಪ್ರಾರಂಭಿಸಬಹುದೆಂದು ನಾನು ಭಾವಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ